ದೊಡ್ಡವರ ಊಟದ ಕಾಯಿಲೆ, ಸಿಬಿಟಿ ಚಿಕಿತ್ಸೆ ಮತ್ತು ನಮ್ಮ ಕಾಸರಗೋಡು

2025ರ ಮಾರ್ಚ್‌ನಲ್ಲಿ ನೆರೆಯ ಕಣ್ಣೂರು ಜಿಲ್ಲೆಯಿಂದ ಬಂದ ಸುದ್ದಿಯೊಂದು ಇಡೀ ಕೇರಳವನ್ನು ಕಲಕಿತು. ದಪ್ಪ ಆಗುವ ಹೆದರಿಕೆಯಲ್ಲಿ ತಿಂಗಳುಗಟ್ಟಲೆ ಸರಿಯಾಗಿ ಊಟ ಮಾಡದ ಯುವತಿಯೊಬ್ಬಳು ಆಸ್ಪತ್ರೆಯಲ್ಲಿ ತೀರಿಕೊಂಡಳು. ಅನೊರೆಕ್ಸಿಯಾ ಎಂಬ ಹೆಸರನ್ನು ನಮ್ಮಲ್ಲಿ ತುಂಬಾ ಮಂದಿ ಕೇಳಿದ್ದೇ ಆಗ. ಆಮೇಲಿನ ಚರ್ಚೆ ಮಾತ್ರ ಹದಿಹರೆಯದ ಹುಡುಗಿಯರು, ಮೊಬೈಲ್, ಯೂಟ್ಯೂಬಿನ ಡಯಟ್ ಇವುಗಳ ಸುತ್ತಲೇ ತಿರುಗಿತು. ಆ ಚರ್ಚೆ ಬೇಕಾದದ್ದೇ. ಆದರೆ ಮೂವತ್ತು, ನಲವತ್ತು, ಐವತ್ತು ದಾಟಿದವರ ಮಾತು ಅದರಲ್ಲಿ ಬರಲೇ ಇಲ್ಲ. ಮದುವೆಯಾಗಿ ಮಕ್ಕಳಿರುವವರು, ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸ ಮಾಡುವವರು, ಗಲ್ಫಿನಿಂದ ವಾಪಸ್ ಬಂದ ಗಂಡಸರು ಹತ್ತು ಇಪ್ಪತ್ತು ವರ್ಷ ಇದೇ ಕಾಯಿಲೆಯನ್ನು ಯಾರಿಗೂ ಹೇಳದೆ ಇಟ್ಟುಕೊಂಡಿರಬಹುದು. ಈ ಲೇಖನ ಅವರ ಬಗ್ಗೆ. ಅವರಿಗೆ ಸಿಗಬೇಕಾದ ಒಂದು ಚಿಕಿತ್ಸೆಯ ಬಗ್ಗೆ.

ಆ ಚಿಕಿತ್ಸೆಯ ಹೆಸರು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಚುಟುಕಾಗಿ ಸಿಬಿಟಿ. ಯೋಚನೆಯನ್ನೂ ನಡವಳಿಕೆಯನ್ನೂ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ ಇದು.

ಈಟಿಂಗ್ ಡಿಸಾರ್ಡರ್, ಅಂದರೆ ಊಟದ ಕಾಯಿಲೆ, ಒಂದೇ ಕಾಯಿಲೆ ಅಲ್ಲ. ಅನೊರೆಕ್ಸಿಯಾದಲ್ಲಿ ಊಟ ಕಮ್ಮಿಯಾಗುತ್ತಾ ಹೋಗಿ, ತೂಕ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಬುಲಿಮಿಯಾದಲ್ಲಿ ತಡೆಯೇ ಇಲ್ಲದೆ ತಿನ್ನುವ ಹೊತ್ತು ಬರುತ್ತದೆ. ಆಮೇಲೆ ಅದನ್ನು 'ಸರಿ ಮಾಡಲು' ವಾಂತಿ, ಭೇದಿ ಮಾತ್ರೆ, ಉಪವಾಸ, ವಿಪರೀತ ವ್ಯಾಯಾಮ. ಬಿಂಜ್ ಈಟಿಂಗ್ ಡಿಸಾರ್ಡರ್ ಅಂದರೆ ಹಾಗೆ ತಿನ್ನುವುದು ಇರುತ್ತದೆ, ವಾಂತಿ ಇತ್ಯಾದಿ ಇರುವುದಿಲ್ಲ. ದೊಡ್ಡವರಲ್ಲಿ ಈ ಮೂರನೆಯದೇ ಜಾಸ್ತಿ. ಗಂಡಸರೂ ಇದರಲ್ಲಿ ಕಮ್ಮಿ ಏನಿಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನು ಬೇರೆಯೇ ಕಾಯಿಲೆ ಎಂದು ಒಪ್ಪಿಕೊಂಡದ್ದು 2013ರಲ್ಲಿ. ಅಲ್ಲಿಯವರೆಗೆ ಎಷ್ಟೋ ಮಂದಿಗೆ ತಮಗಿರುವುದು ಕಾಯಿಲೆ ಎಂದೇ ಗೊತ್ತಿರಲಿಲ್ಲ. 'ನನಗೆ ಬಾಯಿ ಕಟ್ಟಲು ಆಗುವುದಿಲ್ಲ' ಎಂದು ತಮ್ಮನ್ನೇ ಬೈದುಕೊಂಡು ಇದ್ದರು. ಈಗಲೂ ಇದ್ದಾರೆ.

ಮುಖ ನೋಡಿ, ಮೈ ನೋಡಿ ಇದನ್ನು ಹೇಳಲು ಆಗುವುದಿಲ್ಲ. ಬುಲಿಮಿಯಾ ಇರುವವರ ತೂಕ ಸಾಮಾನ್ಯವಾಗಿ ಎಲ್ಲರ ಹಾಗೇ ಇರುತ್ತದೆ. ಪಕ್ಕದಲ್ಲೇ ಕೂತು ಮದುವೆ ಊಟ ಉಣ್ಣುವವರಿಗೂ ಗೊತ್ತಾಗುವುದಿಲ್ಲ.

ಇದು ಪೇಟೆಯವರ, ಶ್ರೀಮಂತರ ಕಾಯಿಲೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಪೆಸಿಫಿಕ್ ಸಾಗರದ ಫಿಜಿ ದ್ವೀಪದ ಒಂದು ಕಡೆಗೆ 1995ರಲ್ಲಿ ಮೊದಲ ಬಾರಿ ಟಿವಿ ಬಂತು. ದಪ್ಪ ಮೈಯನ್ನು ಮೆಚ್ಚುತ್ತಿದ್ದ ಊರು ಅದು. ತೂಕ ಇಳಿಸಲು ವಾಂತಿ ಮಾಡುವ ಶಾಲಾ ಹುಡುಗಿಯರು ಆಗ ಅಲ್ಲಿ ಇರಲಿಲ್ಲ. ಮೂರು ವರ್ಷದ ನಂತರ ಆ್ಯನ್ ಬೆಕರ್ ಎಂಬ ಸಂಶೋಧಕಿ ಮತ್ತೆ ಕೇಳಿದಾಗ ನೂರರಲ್ಲಿ ಸುಮಾರು 11 ಮಂದಿ ಹಾಗೆ ಮಾಡುತ್ತಿದ್ದರು. ಹಳ್ಳಿ, ದ್ವೀಪ, ತೋಟ ಯಾವುದೂ ಇದಕ್ಕೆ ಬೇಲಿ ಅಲ್ಲ.

ಇನ್ನು ಸಿಬಿಟಿಯ ಮಾತು. 1960ರ ದಶಕದಲ್ಲಿ ಅಮೆರಿಕದ ಏರನ್ ಬೆಕ್ ಖಿನ್ನತೆಗೆಂದು ಕಟ್ಟಿದ ಚಿಕಿತ್ಸೆಯಿಂದ ಇದು ಬೆಳೆಯಿತು. ಲಂಡನ್ನಿನ ಜೆರಾಲ್ಡ್ ರಸಲ್ 1979ರಲ್ಲಿ ಬುಲಿಮಿಯಾವನ್ನು ಮೊದಲು ವಿವರವಾಗಿ ಬರೆದರು. ಹೆಚ್ಚುಕಮ್ಮಿ ಅದೇ ಕಾಲದಲ್ಲಿ ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ಅದಕ್ಕೆಂದೇ ಸಿಬಿಟಿಯನ್ನು ರೂಪಿಸಲು ಶುರು ಮಾಡಿದರು. 2003ರಲ್ಲಿ ಅವರೂ ಜೊತೆಗಾರರೂ ಒಂದು ಮುಖ್ಯ ಮಾತು ಹೇಳಿದರು. ಈ ಕಾಯಿಲೆಗಳ ಹೆಸರು ಬೇರೆ ಬೇರೆ ಇರಬಹುದು, ಆದರೆ ಇವುಗಳನ್ನು ಜೀವಂತವಾಗಿ ಇಡುವ ಕಾರಣಗಳು ಬಹುಪಾಲು ಒಂದೇ. ಒಬ್ಬರೇ ಮನುಷ್ಯ ಇಪ್ಪತ್ತರಲ್ಲಿ ಅನೊರೆಕ್ಸಿಯಾದಲ್ಲಿದ್ದು ಮೂವತ್ತರಲ್ಲಿ ಬುಲಿಮಿಯಾಕ್ಕೆ ಜಾರುವುದು ಅಪರೂಪ ಏನಲ್ಲ. ಹಾಗಾಗಿ ಹೆಸರನ್ನು ಬಿಟ್ಟು ಕಾರಣವನ್ನು ಹಿಡಿಯಿರಿ ಎಂಬುದು ಅವರ ವಾದ.

ಆ ಕಾರಣ ಏನು? ಇಲ್ಲೇ ಸಿಬಿಟಿ ನಮ್ಮ ಸಾಮಾನ್ಯ ತಿಳಿವಳಿಕೆಯನ್ನು ಬುಡಮೇಲು ಮಾಡುತ್ತದೆ. ಜಾಸ್ತಿ ತಿನ್ನುವವರಿಗೆ ಹತೋಟಿ ಸಾಲದು, ಕಟ್ಟುನಿಟ್ಟು ಜಾಸ್ತಿ ಮಾಡಬೇಕು ಎಂದು ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಸಿಬಿಟಿ ಹೇಳುವುದು ಬೇರೆ. ಕಟ್ಟುನಿಟ್ಟೇ ಬಿಂಜ್ ಅನ್ನು, ಅಂದರೆ ತಡೆಯಿಲ್ಲದೆ ತಿನ್ನುವುದನ್ನು, ಹುಟ್ಟಿಸುತ್ತದೆ. ದಿನವಿಡೀ ಹಸಿವನ್ನು ಹತ್ತಿಕ್ಕಿದವರು ರಾತ್ರಿ ಎಲ್ಲವನ್ನೂ ತಿನ್ನುವುದು, ನೀರಿನಡಿ ಉಸಿರು ಬಿಗಿಹಿಡಿದವರು ಮೇಲೆ ಬಂದ ಕೂಡಲೇ ಬಾಯಿಬಿಟ್ಟು ಗಾಳಿ ಎಳೆದುಕೊಂಡ ಹಾಗೆ. ಅದರಲ್ಲಿ ಸೋಮಾರಿತನ ಇಲ್ಲ, ಆಸೆಬುರುಕತನವೂ ಇಲ್ಲ.

ಇದಕ್ಕೆ ಗಟ್ಟಿ ಸಾಕ್ಷಿ ಎರಡನೇ ಮಹಾಯುದ್ಧದ ಕಾಲದ್ದು. 1944ರ ಕೊನೆಯಿಂದ 1945ರವರೆಗೆ ಮಿನೆಸೊಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರನ್ನು ಅವರ ಒಪ್ಪಿಗೆ ಪಡೆದು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟರು. ಯುದ್ಧದಲ್ಲಿ ಹೋರಾಡಲು ಒಪ್ಪದ ಶಾಂತಿವಾದಿಗಳು ಅವರು. ಯಾರಿಗೂ ತೂಕದ ಚಿಂತೆ ಇರಲಿಲ್ಲ. ಮೈತೂಕದ ಕಾಲು ಭಾಗ ಇಳಿಯುವ ಹೊತ್ತಿಗೆ ಅವರ ಮನಸ್ಸೇ ಬದಲಾಗಿತ್ತು. ಎದ್ದರೂ ಮಲಗಿದರೂ ಊಟದ್ದೇ ಯೋಚನೆ. ಅಡುಗೆ ಪುಸ್ತಕ ಓದುತ್ತಾ ಕೂರುವುದು, ತಟ್ಟೆ ನೆಕ್ಕುವುದು, ಒಂದು ಊಟವನ್ನು ಗಂಟೆಗಟ್ಟಲೆ ಎಳೆಯುವುದು, ಸಿಡಿಮಿಡಿ, ಬೇಸರ, ಜನರಿಂದ ದೂರ ಸರಿಯುವುದು. ಊಟ ವಾಪಸ್ ಸಿಕ್ಕಿದ ಮೇಲೆ ಕೆಲವರಿಗೆ ತಿನ್ನುವುದನ್ನು ನಿಲ್ಲಿಸಲು ಆಗಲಿಲ್ಲ. ಈಟಿಂಗ್ ಡಿಸಾರ್ಡರ್ ಇರುವವರ 'ಸ್ವಭಾವ' ಎಂದು ನಾವು ಹೇಳುವ ಎಷ್ಟೋ ಗುಣಗಳು ಬರೀ ಹಸಿವಿನ ಗುಣಗಳು ಎಂದು ಇದರಿಂದ ಗೊತ್ತಾಯಿತು. ಈ ಒಂದು ವಿಷಯ ತಿಳಿದರೆ ಸಾಕು, ಮನೆಯವರ ಅರ್ಧ ಸಿಟ್ಟು ಇಳಿಯಬಹುದು ಎಂದು ನನಗೆ ಅನ್ನಿಸುತ್ತದೆ.

ಚಿಕಿತ್ಸೆ ನಡೆಯುವುದು ಹೇಗೆ ಎಂದು ನೋಡಲು ಒಬ್ಬರನ್ನು ಊಹಿಸಿಕೊಳ್ಳೋಣ. ಬದಿಯಡ್ಕ ಕಡೆಯ ಒಬ್ಬ ಟೀಚರ್. ವಯಸ್ಸು 38. ಎರಡು ಮಕ್ಕಳು. ಬೆಳಿಗ್ಗೆ ಮನೆಯವರಿಗೆಲ್ಲ ನೀರುದೋಸೆ ಎರೆದು ತಾನು ಹಾಲು ಹಾಕದ ಚಾ ಕುಡಿದು ಬಸ್ಸು ಹತ್ತುತ್ತಾರೆ. ಮಧ್ಯಾಹ್ನ 'ನಾನು ಅನ್ನ ಬಿಟ್ಟಿದ್ದೇನೆ' ಎಂದು ನಾಲ್ಕು ಚಮಚ ಪಲ್ಯ. ಸಂಜೆ ಮನೆಗೆ ಬರುವಾಗ ತಲೆಸುತ್ತು. ಹೇಗೋ ತಡೆದುಕೊಂಡು ರಾತ್ರಿಯ ಕೆಲಸ ಮುಗಿಸುತ್ತಾರೆ. ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತು, ಮಿಕ್ಕಿದ ಅನ್ನ, ಮಕ್ಕಳ ಮಿಕ್ಸ್ಚರ್, ಪೂಜೆಮನೆಯಿಂದ ಬಂದ ಹೋಳಿಗೆ, ಬೇಕರಿಯ ಬನ್ನು, ಒಂದರ ಮೇಲೊಂದು. ರುಚಿಯೂ ಗೊತ್ತಾಗುವುದಿಲ್ಲ. ಆಮೇಲೆ ನಾಚಿಕೆ. ಕೆಲವು ದಿನ ವಾಂತಿ. ನಾಳೆಯಿಂದ ಇನ್ನೂ ಕಟ್ಟುನಿಟ್ಟು ಎಂದು ಶಪಥ.

ಮೊದಲ ಭೇಟಿಯಲ್ಲೇ ಥೆರಪಿಸ್ಟ್ ಒಂದು ಕಾಗದ ತೆಗೆದು ಇದನ್ನು ಚಿತ್ರವಾಗಿ ಬರೆಯುತ್ತಾರೆ. ಟೀಚರ್ ಹೇಳಿದ ಮಾತುಗಳಲ್ಲೇ. ತೂಕದ ಚಿಂತೆ, ಅಲ್ಲಿಂದ ಕಟ್ಟುನಿಟ್ಟಿನ ನಿಯಮ, ನಿಯಮದಿಂದ ಹಸಿವು, ಹಸಿವಿನಿಂದ ಬಿಂಜ್, ಅದರಿಂದ ನಾಚಿಕೆ ಮತ್ತು ವಾಂತಿ, ಮತ್ತೆ ತೂಕದ ಚಿಂತೆ. ಬಾಣದ ಗುರುತು ಸುತ್ತು ಹೊಡೆದು ಹೊರಟಲ್ಲಿಗೇ ಬಂದು ಸೇರುತ್ತದೆ. ತುಂಬಾ ಮಂದಿಗೆ ತಮ್ಮ ಕಾಯಿಲೆಗೆ ಒಂದು ಲೆಕ್ಕ ಇದೆ ಎಂದು ಕಾಣುವುದು ಆಗಲೇ. ಬಾಲ್ಯದಲ್ಲಿ ಏನಾಯಿತು ಎಂದು ಹುಡುಕುವುದು ಈ ಚಿಕಿತ್ಸೆಯ ಮುಖ್ಯ ಕೆಲಸ ಅಲ್ಲ. ಕಾಯಿಲೆಯನ್ನು ಇವತ್ತು ಯಾವುದು ಸಾಕುತ್ತಿದೆ ಎಂಬುದೇ ಇಲ್ಲಿ ಪ್ರಶ್ನೆ.

ಎರಡನೆಯದು ಡೈರಿ. ತಿಂದದ್ದನ್ನು ಆಗಿಂದಾಗಲೇ ಬರೆಯಬೇಕು. ಎಷ್ಟು ಗಂಟೆ, ಎಲ್ಲಿ, ಏನು, ಕೈ ಮೀರಿತು ಅನ್ನಿಸಿತಾ, ಆಗ ಮನಸ್ಸಿನಲ್ಲಿ ಏನಿತ್ತು. ಕ್ಯಾಲೊರಿ ಬರೆಯುವುದು ಬೇಡ. ರಾತ್ರಿ ಕೂತು ನೆನಪಿಸಿಕೊಂಡು ಬರೆದರೆ ಪ್ರಯೋಜನ ಇಲ್ಲ. ಒಂದೆರಡು ವಾರದಲ್ಲಿ ಟೀಚರಿಗೇ ಕಾಣತೊಡಗುತ್ತದೆ: ಸಹೋದ್ಯೋಗಿಗಳ ಜೊತೆ ಕೂತು ಊಟ ಮಾಡಿದ ದಿನ ರಾತ್ರಿ ಸಮಾಧಾನ, ಊಟ ಬಿಟ್ಟ ದಿನ ಅಡುಗೆಮನೆ.

ಮೂರನೆಯದು ತೂಕ. ವಾರಕ್ಕೆ ಒಂದೇ ಸಲ, ಥೆರಪಿಸ್ಟ್ ಎದುರಲ್ಲಿ. ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಮಷಿನು ಹತ್ತುವುದೂ ಬೇಡ, ಹೆದರಿ ವರ್ಷಗಟ್ಟಲೆ ನೋಡದೆ ಇರುವುದೂ ಬೇಡ. ಮೈಯ ನೀರು ಏರಿಳಿಯುವುದರಿಂದ ಒಂದು ದಿನದ ತೂಕಕ್ಕೆ ಅರ್ಥ ಇಲ್ಲ. ನಾಲ್ಕು ವಾರದ ದಾರಿ ನೋಡಿದರೆ ಮಾತ್ರ ಏನಾದರೂ ಹೇಳಬಹುದು. ಚಿಕಿತ್ಸೆಗೆ ಬಂದವರಿಗೆ ಕಷ್ಟ ಎನಿಸುವ ಕೆಲಸಗಳಲ್ಲಿ ಇದೂ ಒಂದು. ಥೆರಪಿಸ್ಟರಿಗೂ ಸುಲಭ ಅಲ್ಲ.

ಆಮೇಲೆ ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ಹೊತ್ತು ಹೊತ್ತಿಗೆ ತಿನ್ನುವುದು. ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ತಿಂಡಿ. ಎರಡರ ನಡುವೆ ನಾಲ್ಕು ಗಂಟೆಗಿಂತ ಜಾಸ್ತಿ ಅಂತರ ಬೇಡ. ಹಸಿವು ಇದೆಯೋ ಇಲ್ಲವೋ ಕೇಳಬೇಡಿ, ಗಡಿಯಾರ ನೋಡಿ ತಿನ್ನಿ. ವರ್ಷಗಟ್ಟಲೆ ಹತ್ತಿಕ್ಕಿದ ಹಸಿವಿನ ಮಾತನ್ನು ಶುರುವಿಗೇ ನಂಬಲು ಆಗುವುದಿಲ್ಲ. ಏನು ತಿನ್ನಬೇಕು ಎಂಬ ಪ್ರಶ್ನೆಯೂ ಆಮೇಲಿನದು. ಬೆಳಿಗ್ಗೆ ಎರಡು ದೋಸೆಯೋ ಕುಚ್ಚಿಲಕ್ಕಿ ಗಂಜಿಯೋ, ಧೈರ್ಯ ಬಂದದ್ದನ್ನು ತಿನ್ನಲಿ. ತಿಂದದ್ದು ಹೊಟ್ಟೆಯಲ್ಲಿ ಉಳಿಯಲಿ. ಮುಂದಿನ ಹೊತ್ತಿನ ತನಕ ತಿನ್ನದೆ ಇರಲು ಏನು ಮಾಡಬಹುದು ಎಂದು ಮೊದಲೇ ಪಟ್ಟಿ ಮಾಡಿಕೊಳ್ಳಲಿ.

ಟೀಚರ್ ಹೆದರುವುದು ಇಲ್ಲೇ. ಆರು ಸಲ ತಿಂದರೆ ತೂಕ ಏರಿಬಿಡುತ್ತದೆ ಎಂದು. ಬುಲಿಮಿಯಾ ಇರುವವರಲ್ಲಿ ಸರಾಸರಿ ನೋಡಿದರೆ ಚಿಕಿತ್ಸೆಯಿಂದ ತೂಕ ಹೆಚ್ಚೇನೂ ಬದಲಾಗುವುದಿಲ್ಲ, ಏಕೆಂದರೆ ಬಿಂಜ್ ಕಮ್ಮಿಯಾಗುತ್ತದೆ. ಇನ್ನೊಂದು ಸತ್ಯವನ್ನೂ ಥೆರಪಿಸ್ಟ್ ಮುಚ್ಚಿಡದೆ ಹೇಳುತ್ತಾರೆ. ವಾಂತಿ ಮಾಡಿದರೆ ತಿಂದದ್ದೆಲ್ಲ ಹೊರಗೆ ಹೋಗುವುದಿಲ್ಲ, ದೊಡ್ಡ ಪಾಲು ಒಳಗೇ ಉಳಿಯುತ್ತದೆ. ಭೇದಿ ಮಾತ್ರೆ ಕೆಲಸ ಮಾಡುವುದು ದೊಡ್ಡ ಕರುಳಿನಲ್ಲಿ, ಅಷ್ಟರಲ್ಲಿ ಆಹಾರದ ಸತ್ವವನ್ನು ಸಣ್ಣ ಕರುಳು ಹೀರಿ ಆಗಿರುತ್ತದೆ. ಹೋಗುವುದು ನೀರು ಮತ್ತು ಲವಣ. ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತವೇ ತಪ್ಪಬಹುದು. ಹಲ್ಲಿನ ಹೊಳಪಿನ ಪದರ ಸವೆಯುತ್ತದೆ. ಎಷ್ಟೋ ಸಲ ಬುಲಿಮಿಯಾದ ಸುಳಿವು ಮೊದಲು ಸಿಗುವುದು ಹಲ್ಲಿನ ಡಾಕ್ಟರಿಗೆ.

ಮೊದಲ ನಾಲ್ಕು ವಾರ ವಾರಕ್ಕೆ ಎರಡು ಭೇಟಿ. ಅದಕ್ಕೂ ಕಾರಣ ಇದೆ. ಈ ನಾಲ್ಕು ವಾರದಲ್ಲಿ ಬಿಂಜ್, ವಾಂತಿ ಎಷ್ಟು ಕಮ್ಮಿಯಾಯಿತು ಎಂಬುದೇ ಕೊನೆಯ ಫಲಿತಾಂಶದ ಒಳ್ಳೆಯ ಸೂಚನೆ ಎಂದು ಅಧ್ಯಯನದ ಮೇಲೆ ಅಧ್ಯಯನ ಹೇಳಿದೆ. ನಂತರ ಒಮ್ಮೆ ನಿಂತು ನೋಡುತ್ತಾರೆ, ಏನು ನಡೆಯಿತು, ಏನು ಅಡ್ಡ ಬಂತು. ಆಮೇಲಿನ ಎರಡು ತಿಂಗಳಲ್ಲಿ ಕಾಯಿಲೆಯ ಬೇರಿಗೆ ಕೈ ಹಾಕುವುದು. 'ನಿಮ್ಮ ಬೆಲೆಯನ್ನು ನೀವು ಯಾವುದರಿಂದ ಅಳೆಯುತ್ತೀರಿ' ಎಂದು ಕೇಳಿ ಒಂದು ವೃತ್ತ ಬರೆದು ಪಾಲು ಮಾಡಿಸುತ್ತಾರೆ. ಕೆಲಸ, ಮಕ್ಕಳು, ಗೆಳತಿಯರು, ಹಾಡು ಎಲ್ಲ ಸಣ್ಣ ಸಣ್ಣ ತುಂಡು. ತೂಕ ಮತ್ತು ಮೈಯಾಕಾರ ಮುಕ್ಕಾಲು ವೃತ್ತ. ಆ ಪಾಲನ್ನು ಒತ್ತಿ ಸಣ್ಣದು ಮಾಡಲು ಹೊರಡುವುದಲ್ಲ, ಉಳಿದ ಪಾಲುಗಳನ್ನು ಬೆಳೆಸುವುದು. ಬಿಟ್ಟುಹೋದ ಸಂಗೀತ ಪಾಠ, ಯಕ್ಷಗಾನ ನೋಡಲು ಹೋಗುವುದು, ಗೆಳತಿಯರ ಜೊತೆ ಒಂದು ಸಂಜೆ, ಇವೆಲ್ಲ ಇಲ್ಲಿ ಚಿಕಿತ್ಸೆಯ ಭಾಗ.

ಅದರ ಜೊತೆಗೆ ಸಣ್ಣ ಸಣ್ಣ ಪರೀಕ್ಷೆಗಳು. ಕನ್ನಡಿಯ ಮುಂದೆ ಹೊಟ್ಟೆ ಹಿಡಿದು ನೋಡುವುದು, ಬಸ್ಸಿನಲ್ಲಿ ಕಂಡ ಸಪೂರದವರ ಜೊತೆ ಹೋಲಿಸಿಕೊಳ್ಳುವುದು, ಫೋಟೋ ತೆಗೆಯುವಾಗ ಹಿಂದೆ ಸರಿಯುವುದು ದಿನಕ್ಕೆ ಎಷ್ಟು ಸಲ ಎಂದು ಗಮನಿಸುವುದು. 'ಹೋಳಿಗೆ ತಿಂದರೆ ಎರಡು ಕಿಲೋ ಏರುತ್ತೇನೆ' ಎಂಬ ನಂಬಿಕೆಯನ್ನು ಬರೆದಿಟ್ಟು, ಒಂದು ಹೋಳಿಗೆಯನ್ನು ಮಧ್ಯಾಹ್ನ ಎಲ್ಲರ ಜೊತೆ ಕೂತು ತಿಂದು, ವಾರದ ತೂಕದ ದಿನ ನೋಡುವುದು. ವಾದ ಮಾಡಿ ಯಾರ ನಂಬಿಕೆಯನ್ನೂ ಬದಲಿಸಲು ಆಗುವುದಿಲ್ಲ. ಮಾಡಿ ನೋಡಿದರೆ ಬದಲಾಗಬಹುದು. ಸಿಬಿಟಿ ಎಂದರೆ 'ಒಳ್ಳೆಯದನ್ನೇ ಯೋಚಿಸಿ' ಎಂಬ ಉಪದೇಶ ಎಂದು ಅಂದುಕೊಂಡವರಿಗೆ ಇದನ್ನು ಒತ್ತಿ ಹೇಳಬೇಕು. ಉಪದೇಶ ಇದರಲ್ಲಿ ತೀರಾ ಕಮ್ಮಿ. ಮನೆಕೆಲಸ ಜಾಸ್ತಿ.

ಕೊನೆಯ ಕೆಲವು ಭೇಟಿ ಎರಡು ವಾರಕ್ಕೊಮ್ಮೆ. ಮುಂದೆ ಎಡವುವ ದಿನ ಬರುತ್ತದೆ. ಒಂದು ದಿನ ಎಡವಿದರೆ ಕಾಯಿಲೆ ವಾಪಸ್ ಬಂದ ಹಾಗಲ್ಲ, ಆ ರಾತ್ರಿ ಕಳೆದು ಮರುದಿನ ಬೆಳಿಗ್ಗೆ ತಿಂಡಿ ತಿನ್ನುವುದೇ ಮದ್ದು ಎಂದು ಆಗ ಬರೆದಿಟ್ಟುಕೊಳ್ಳುವುದು. ಹೀಗೆ ಒಟ್ಟು 20 ಭೇಟಿ, 20 ವಾರ. ತೂಕ ತುಂಬಾ ಇಳಿದವರಿಗೆ ಇದು ಹೆಚ್ಚುಕಮ್ಮಿ 40 ವಾರಕ್ಕೆ ಹೋಗುತ್ತದೆ. ಅವರಿಗೆ ಮೊದಲ ವಾರಗಳು ಹೋಗುವುದು 'ಬದಲಾಗಬೇಕಾ' ಎಂಬ ಪ್ರಶ್ನೆಗೇ, ಮತ್ತು ಉತ್ತರ ಅವರದ್ದೇ ಆಗಿರಬೇಕು.

ಈ ಕೊನೆಯ ಮಾತು ನಮ್ಮ ಕಡೆ ಮುಖ್ಯ. ಮಕ್ಕಳಿಗೂ ಹದಿಹರೆಯದವರಿಗೂ ಅನೊರೆಕ್ಸಿಯಾ ಬಂದರೆ ಮೊದಲು ಸೂಚಿಸುವುದು ಕುಟುಂಬ ಚಿಕಿತ್ಸೆಯನ್ನು. ಅಪ್ಪ ಅಮ್ಮ ಊಟದ ಹೊಣೆ ಹೊರುತ್ತಾರೆ. ದೊಡ್ಡವರ ಚಿಕಿತ್ಸೆ ಹಾಗಲ್ಲ. ನಮ್ಮಲ್ಲಿ ಮೂವತ್ತೈದರ ಹೆಂಗಸನ್ನೂ ಗಂಡ, ಅತ್ತೆ, ಅಣ್ಣ ಎಲ್ಲ ಸೇರಿ ಡಾಕ್ಟರ ಹತ್ತಿರ ಕರೆದುಕೊಂಡು ಬಂದು ಅವಳ ಬದಲು ಅವರೇ ಮಾತಾಡುವುದು ರೂಢಿ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಸಿಬಿಟಿಯಲ್ಲಿ ಬರೆಯುವವರು, ತಿನ್ನುವವರು, ತೀರ್ಮಾನ ಮಾಡುವವರು ಅವರೇ ಆಗಿರಬೇಕು. ಮನೆಯವರನ್ನು ಯಾವಾಗ, ಯಾವ ಸಹಾಯಕ್ಕೆ ಕರೆಯಬೇಕು ಎಂದೂ ಅವರೇ ಹೇಳಬೇಕು. ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಎಂಬುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು.

ಇಷ್ಟೆಲ್ಲ ಮಾಡಿದರೆ ಎಷ್ಟು ಮಂದಿಗೆ ಗುಣ? ಕೋಪನ್‌ಹೇಗನ್ನಿನಲ್ಲಿ ಬುಲಿಮಿಯಾ ಇದ್ದ 70 ಮಂದಿಯನ್ನು ಎರಡು ಪಾಲು ಮಾಡಿ, ಒಂದು ಗುಂಪಿಗೆ ಐದು ತಿಂಗಳ ಸಿಬಿಟಿ, ಇನ್ನೊಂದಕ್ಕೆ ಎರಡು ವರ್ಷದ ಮನೋವಿಶ್ಲೇಷಣೆ (ಒಳಮನಸ್ಸನ್ನು ಬಗೆದು ನೋಡುವ ಮಾತಿನ ಚಿಕಿತ್ಸೆ) ಕೊಟ್ಟರು. 2014ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಐದು ತಿಂಗಳಿಗೆ ಬಿಂಜ್ ಮತ್ತು ವಾಂತಿ ಪೂರ್ತಿ ನಿಂತವರು ಸಿಬಿಟಿಯಲ್ಲಿ ನೂರಕ್ಕೆ 42, ಇನ್ನೊಂದರಲ್ಲಿ 6. ಎರಡು ವರ್ಷಕ್ಕೆ 44 ಮತ್ತು 15. ಆ ಅಧ್ಯಯನ ಮಾಡಿದವರು ಸ್ವತಃ ಮನೋವಿಶ್ಲೇಷಣೆಯ ಕಡೆಯವರು ಎಂಬುದು ಇದಕ್ಕೆ ಇನ್ನೂ ತೂಕ ಕೊಡುತ್ತದೆ. 2015ರಲ್ಲಿ ಫೇರ್‌ಬರ್ನ್ ತಂಡ ತೂಕ ತೀರಾ ಇಳಿಯದ 130 ಮಂದಿಯಲ್ಲಿ ಸಿಬಿಟಿಯನ್ನು ಇನ್ನೊಂದು ಹೆಸರಾಂತ ಮಾತಿನ ಚಿಕಿತ್ಸೆಯ ಜೊತೆ ಹೋಲಿಸಿತು. 20 ವಾರಕ್ಕೆ ಸಿಬಿಟಿಯಲ್ಲಿ ಸುಮಾರು ಮೂರನೇ ಎರಡು ಪಾಲು ಮಂದಿ ಗುಣದ ಹಂತಕ್ಕೆ ಬಂದರು, ಇನ್ನೊಂದರಲ್ಲಿ ಮೂರನೇ ಒಂದು ಪಾಲು.

ಅನೊರೆಕ್ಸಿಯಾದ ಲೆಕ್ಕ ಇಷ್ಟು ಚೆನ್ನಾಗಿಲ್ಲ. ಜರ್ಮನಿಯಲ್ಲಿ 242 ಮಂದಿ ಹೆಂಗಸರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಸಿಬಿಟಿ ಸೇರಿ ಮೂರು ಬಗೆಯ ಚಿಕಿತ್ಸೆಯಲ್ಲೂ ತೂಕ ಹೆಚ್ಚುಕಮ್ಮಿ ಒಂದೇ ರೀತಿ ಏರಿತು. ಸಿಬಿಟಿಯೇ ಎಲ್ಲಕ್ಕಿಂತ ಮೇಲು ಎಂದು ಹೇಳಲು ಅಲ್ಲಿ ಆಧಾರ ಸಿಗಲಿಲ್ಲ. ಹಾಗಾಗಿ ಬ್ರಿಟನ್ನಿನ ನೈಸ್ ಸಂಸ್ಥೆ 2017ರ ಮಾರ್ಗಸೂಚಿಯಲ್ಲಿ ದೊಡ್ಡವರ ಅನೊರೆಕ್ಸಿಯಾಕ್ಕೆ ಸಿಬಿಟಿಯನ್ನು ಒಳ್ಳೆಯ ದಾರಿಗಳಲ್ಲಿ ಒಂದು ಎಂದು ಮಾತ್ರ ಹೇಳಿತು. ಬುಲಿಮಿಯಾಕ್ಕೂ ಬಿಂಜ್ ಈಟಿಂಗಿಗೂ ಮುಖ್ಯ ದಾರಿಯೇ ಅದು ಎಂದಿತು. ಬಿಂಜ್ ಈಟಿಂಗ್ ಇರುವವರಿಗೆ ಇನ್ನೊಂದು ಮಾತನ್ನು ಮೊದಲೇ ಹೇಳಬೇಕು. ಸಿಬಿಟಿಯಿಂದ ಬಿಂಜ್ ಕಮ್ಮಿಯಾಗುತ್ತದೆ, ಮನಸ್ಸು ಹಗುರಾಗುತ್ತದೆ, ತೂಕ ಇಳಿಯುವ ಭರವಸೆ ಇಲ್ಲ. ತೂಕ ಇಳಿಯುತ್ತದೆ ಎಂದು ಹೇಳಿ ಚಿಕಿತ್ಸೆಗೆ ಸೇರಿಸುವವರನ್ನು ನಂಬಬೇಡಿ.

ನಮ್ಮ ಕಡೆ ಕಾಯಿಲೆ ಬೇರೆ ವೇಷದಲ್ಲೂ ಬರುತ್ತದೆ. 'ದಪ್ಪ ಆಗುತ್ತೇನೆ' ಎಂದು ಎಲ್ಲರೂ ಹೇಳುವುದಿಲ್ಲ. 'ತಿಂದರೆ ಸೇರುವುದಿಲ್ಲ', 'ಹೊಟ್ಟೆ ಉಬ್ಬರಿಸುತ್ತದೆ', 'ಗ್ಯಾಸ್ಟ್ರಿಕ್' ಎಂದು ಹೇಳುತ್ತಾ ಊಟ ಕಮ್ಮಿ ಮಾಡುತ್ತಾ ಹೋಗುವವರಿದ್ದಾರೆ. ಹಾಂಗ್‌ಕಾಂಗಿನ ಸಿಂಗ್ ಲೀ ಎಂಬ ಮನೋವೈದ್ಯರು 1993ರಲ್ಲಿ 70 ರೋಗಿಗಳ ಬಗ್ಗೆ ಬರೆದಾಗ ಅವರಲ್ಲಿ ದೊಡ್ಡ ಪಾಲು ಮಂದಿಗೆ ದಪ್ಪದ ಹೆದರಿಕೆಯೇ ಇರಲಿಲ್ಲ. ಭಾರತದ ವೈದ್ಯರೂ ಇಂಥವರನ್ನು ಕಂಡಿದ್ದಾರೆ. ವರ್ಷಗಟ್ಟಲೆ ಗ್ಯಾಸಿನ ಮಾತ್ರೆ ತಿಂದು, ಎಂಡೋಸ್ಕೋಪಿ ಮಾಡಿಸಿ, ಏನೂ ಸಿಗದೆ, ತೂಕ ಮಾತ್ರ ಇಳಿಯುತ್ತಿದ್ದರೆ ಊಟದ ಬಗ್ಗೆ ಕೂತು ಕೇಳುವ ಡಾಕ್ಟರ್ ಬೇಕು.

ಮಾತಿನ ಪೆಟ್ಟು ಬೇರೆ. 'ಎಂತ ಮಾರಾಯ್ತಿ, ಇಷ್ಟು ತೋರ ಆದದ್ದು?' ಮದುವೆ ಮನೆಯ ಬಾಗಿಲಲ್ಲೇ ಬರುವ ಪ್ರಶ್ನೆ. ವಾಂತಿ ಮಾಡಿ ಸಪೂರ ಆದವರಿಗೆ 'ಈಗ ಚಂದ ಕಾಣ್ತಿ' ಎಂಬ ಮೆಚ್ಚುಗೆ. ಹೇಳಿದವರಿಗೆ ಅದು ಸುಮ್ನೆ ಕುಶಲದ ಮಾತು. ಕೇಳಿದವರಿಗೆ ಕಾಯಿಲೆ ಸರಿಯಾಗಿ ಕೆಲಸ ಮಾಡುತ್ತಿದೆ ಎಂಬ ಸರ್ಟಿಫಿಕೇಟು. ಅದೇ ಮನೆಯ ಪಂಕ್ತಿಯಲ್ಲಿ ಬೇಡ ಬೇಡ ಎಂದರೂ ಎಲೆಗೆ ಬೀಳುವ ಪಾಯಸ. ಎರಡರ ನಡುವೆ ಆ ಜೀವ ಏನು ಮಾಡಬೇಕು? ಚಿಕಿತ್ಸೆಯಲ್ಲಿ ಇಂಥ ಊಟಕ್ಕೆ ಮೊದಲೇ ತಯಾರಿ ಮಾಡಿಸುತ್ತಾರೆ: ಎಲ್ಲಿ ಕೂರುವುದು, ಏನು ಹೇಳುವುದು, ಮನೆಗೆ ಬಂದ ಮೇಲೆ ಏನು ಮಾಡುವುದು. ಮೈ ದಪ್ಪ ಸಪೂರದ ಮಾತನ್ನು ನಾವು ಉಳಿದವರು ಪೂರ್ತಿ ಬಿಟ್ಟರೆ ಅವರ ಆ ತಯಾರಿಯ ಅರ್ಧ ಹೊರೆ ಇಳಿಯುತ್ತದೆ.

ಉಪವಾಸದ ಪ್ರಶ್ನೆಯೂ ಬರುತ್ತದೆ. ಏಕಾದಶಿ, ಸಂಕಷ್ಟಿ, ಶನಿವಾರದ ಒಪ್ಪತ್ತು, ರಂಝಾನ್. ಉಪವಾಸ ಕಾಯಿಲೆ ಅಲ್ಲ. ಆದರೆ ಹೊತ್ತು ಹೊತ್ತಿಗೆ ತಿನ್ನಲು ಈಗಷ್ಟೇ ಕಲಿಯುತ್ತಿರುವವರಿಗೆ ಒಂದು ದಿನದ ಉಪವಾಸ ಹಳೆಯ ಸುತ್ತಿಗೆ ವಾಪಸ್ ಎಳೆಯಬಹುದು. ಕೆಲವರು ವ್ರತದ ಮರೆಯಲ್ಲಿ ಊಟ ಬಿಡುವುದೂ ಇದೆ. ರಂಝಾನಿನಲ್ಲಿ ಕಾಯಿಲೆಯವರಿಗೆ ವಿನಾಯಿತಿ ಇದೆ. ಹಿಂದೂ ಮನೆಗಳಲ್ಲೂ ಮೈ ಸರಿ ಇಲ್ಲದವರಿಗೆ ಹಿರಿಯರು ವ್ರತ ಬಿಡಿಸುತ್ತಾರೆ. ಊಟದ ಕಾಯಿಲೆಯೂ ಕಾಯಿಲೆಯೇ ಎಂದು ಒಪ್ಪಿದರೆ ಸಾಕು.

ಇನ್ನು ಎಲ್ಲಿಗೆ ಹೋಗುವುದು? ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ನಮಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು. 2013ರಲ್ಲಿ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸ ಆಗಿ ವರ್ಷಗಟ್ಟಲೆ ಕಾದದ್ದು ನಮಗೆಲ್ಲ ಗೊತ್ತು. 2020ರಲ್ಲಿ ಕೋವಿಡ್ ಹೊತ್ತಿನಲ್ಲಿ ಕರ್ನಾಟಕದ ಕಡೆಯ ತಲಪಾಡಿ ಗಡಿ ಮುಚ್ಚಿ ಮಂಗಳೂರಿನ ಆಸ್ಪತ್ರೆಗಳ ದಾರಿ ಕಟ್ಟಾದಾಗ ಏನಾಯಿತು ಎಂದೂ ಗೊತ್ತು. ಆಪರೇಷನ್ನಿಗೆ ಒಮ್ಮೆ ಮಂಗಳೂರಿಗೆ ಹೋಗಬಹುದು. ಸಿಬಿಟಿಗೆ ಮೊದಲ ತಿಂಗಳು ವಾರಕ್ಕೆ ಎರಡು ಸಲ, ಆಮೇಲೆ ವಾರವಾರ ಹೋಗಬೇಕು. ಅಡೂರು, ದೇಲಂಪಾಡಿ ಕಡೆಯವರಿಗೆ ಹೋಗಿ ಬರುವುದರಲ್ಲೇ ದಿನ ಹೋಗುತ್ತದೆ. ಕೂಲಿ ಹೋಗುತ್ತದೆ, ರಜೆ ಹೋಗುತ್ತದೆ, ಎಲ್ಲಿಗೆ ಹೋಗುತ್ತಿದ್ದಿ ಎಂಬ ಪ್ರಶ್ನೆಯೂ ಬರುತ್ತದೆ. ಜಿಲ್ಲೆಯ ಒಳಗೆ ಸರ್ಕಾರಿ ಮಾನಸಿಕ ಆರೋಗ್ಯ ತಂಡ ಇದೆ, ಆದರೆ ಅಲ್ಲಿ ಮಾತು ಹೆಚ್ಚಾಗಿ ಮಲಯಾಳ. ಜ್ವರಕ್ಕೆ ಮದ್ದು ಬರೆಸಿಕೊಳ್ಳಲು ಅರ್ಧಂಬರ್ಧ ಭಾಷೆ ಸಾಕು. ರಾತ್ರಿ ಅಡುಗೆಮನೆಯಲ್ಲಿ ಏನಾಯಿತು ಎಂದು ಹೇಳಲು ಸಾಲದು.

ಆದರೂ ದಾರಿ ಇದೆ ಎಂದು ನಾನು ನಂಬುತ್ತೇನೆ, ಮತ್ತು ಅದು ದೂರದ್ದಲ್ಲ. ಮೇಲೆ ಹೇಳಿದ ನೈಸ್ ಮಾರ್ಗಸೂಚಿ ಬುಲಿಮಿಯಾ ಮತ್ತು ಬಿಂಜ್ ಈಟಿಂಗ್ ಇರುವ ದೊಡ್ಡವರಿಗೆ ಮೊದಲ ಹೆಜ್ಜೆಯಾಗಿ ಪೂರ್ತಿ ಸಿಬಿಟಿಯನ್ನು ಹೇಳುವುದೇ ಇಲ್ಲ. ಸಿಬಿಟಿಯ ಆಧಾರದ ಮೇಲೆ ಬರೆದ ಒಂದು ಕೈಪಿಡಿ, ಅದರ ಜೊತೆಗೆ ನೆರವಿನ ಸಣ್ಣ ಭೇಟಿಗಳು. ಬುಲಿಮಿಯಾಕ್ಕೆ 16 ವಾರದಲ್ಲಿ ನಾಲ್ಕರಿಂದ ಒಂಬತ್ತು ಭೇಟಿ, ಒಂದೊಂದು ಇಪ್ಪತ್ತು ನಿಮಿಷ. ನೆರವು ಕೊಡುವವರು ದೊಡ್ಡ ತಜ್ಞರೇ ಆಗಬೇಕೆಂದಿಲ್ಲ, ತರಬೇತಿ ಇದ್ದರೆ ಆಯಿತು. ನಾಲ್ಕು ವಾರದಲ್ಲಿ ಗುಣ ಕಾಣದಿದ್ದರೆ ಪೂರ್ತಿ ಸಿಬಿಟಿಗೆ ಕಳಿಸುವುದು.

ಕೇರಳದಲ್ಲಿ 14 ಜಿಲ್ಲೆಗೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಅದರ ಮೂಲ ಮಾದರಿ 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮದೇ ಭಾಷೆಯ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ಊರಿನ ಆರೋಗ್ಯ ಕೇಂದ್ರದ ಡಾಕ್ಟರು, ನರ್ಸುಗಳಿಗೇ ಮನಸ್ಸಿನ ಕಾಯಿಲೆ ನೋಡಲು ಕಲಿಸಿದ ಪ್ರಯೋಗ ಅದು. ಕೇರಳದ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ 'ಆಶ್ವಾಸಂ' ಹೆಸರಿನಲ್ಲಿ ಖಿನ್ನತೆಯನ್ನು ಗುರುತಿಸಿ ನೆರವು ಕೊಡುವ ಕೆಲಸ ಆಗಲೇ ನಡೆಯುತ್ತಿದೆ. ಅದೇ ಕೋಣೆ, ಅದೇ ನರ್ಸು, ಇನ್ನೂ ಕೆಲವು ದಿನದ ತರಬೇತಿ. ಬೇಕಾದ್ದು ಕನ್ನಡದ ಒಂದು ಕೈಪಿಡಿ. ಓಟ್ಸ್ ಮತ್ತು ಸಲಾಡಿನ ಉದಾಹರಣೆ ಇರುವ ಕೈಪಿಡಿ ಅಲ್ಲ. ಗಂಜಿ, ಕಡುಬು, ಬಂಗುಡೆ ಸಾರು, ಹಲಸಿನ ಹಪ್ಪಳ, ಹೆದ್ದಾರಿ ಬದಿಯ ಅಲ್‌ಫಾಮ್ ಇರುವ ಕೈಪಿಡಿ. ಬೆಳಗಿನ ಬಸ್ಸು, ಅತ್ತೆಯ ಮನೆ, ತಂಬಿಲದ ದಿನದ ಊಟ ಇರುವ ಕೈಪಿಡಿ. ಭಾಷಾ ಅಲ್ಪಸಂಖ್ಯಾತರ ಹಕ್ಕು ಎಂದು ನಾವು ಬೋರ್ಡು, ಅರ್ಜಿ, ಶಾಲೆಗಾಗಿ ಹೋರಾಡಿದ್ದೇವೆ. ಈ ಪಟ್ಟಿಗೆ ಇದೂ ಸೇರಬೇಕು.

ಈ ಸಣ್ಣ ದಾರಿ ಎಲ್ಲರಿಗೂ ಅಲ್ಲ. ತೂಕ ತೀರಾ ಇಳಿದವರು, ತಲೆಸುತ್ತಿ ಬೀಳುವವರು, ಎದೆಬಡಿತ ತಪ್ಪಿದ ಹಾಗೆ ಅನ್ನಿಸುವವರು, ವಾಂತಿಯಲ್ಲಿ ರಕ್ತ ಕಂಡವರು, ಬದುಕು ಸಾಕೆನ್ನುವವರು ಮೊದಲು ಆಸ್ಪತ್ರೆಗೆ ಹೋಗಬೇಕು. ರಕ್ತದ ಲವಣಾಂಶ, ಇಸಿಜಿ ನೋಡಬೇಕು. ತುಂಬಾ ದಿನ ಹಸಿದ ದೇಹಕ್ಕೆ ಮನೆಯಲ್ಲಿ ಒಮ್ಮೆಲೇ ತಿನ್ನಿಸುವುದು ಅಪಾಯ. ರಕ್ತದ ಫಾಸ್ಫೇಟ್ ಕುಸಿದು ಜೀವಕ್ಕೇ ಕುತ್ತು ಬರಬಹುದು. ಡಾಕ್ಟರ ಕಣ್ಣಿನಡಿ ಮೆಲ್ಲ ಮೆಲ್ಲ ಏರಿಸಬೇಕು. ಸಕ್ಕರೆ ಕಾಯಿಲೆ ಇದ್ದು ತೂಕ ಇಳಿಸಲು ಇನ್ಸುಲಿನ್ ಬಿಡುವವರಿಗೂ ತುರ್ತು ಇದೆ. 2025ರಲ್ಲಿ ಭಾರತಕ್ಕೆ ಬಂದ ತೂಕ ಇಳಿಸುವ ಇಂಜೆಕ್ಷನ್ನುಗಳ ಬಗ್ಗೆ ಕೇಳುವವರು ಈಗ ಜಾಸ್ತಿ. ಅದನ್ನು ಬರೆಸಿಕೊಳ್ಳುವ ಮೊದಲು ಬಿಂಜ್, ವಾಂತಿ, ಊಟ ಬಿಡುವುದು ಏನಿದ್ದರೂ ಡಾಕ್ಟರಿಗೆ ಹೇಳಲೇಬೇಕು. ಡಾಕ್ಟರೂ ಕೇಳಬೇಕು.

ಈಗ ಸಹಾಯ ಬೇಕಾದವರು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಅದು. ಕಾಸು ಇಲ್ಲ, ಹಗಲೂ ರಾತ್ರಿಯೂ ಇದೆ, ಕನ್ನಡವನ್ನು ಆರಿಸಿಕೊಳ್ಳಬಹುದು. ಕೇರಳದ ದಿಶಾ ಸಹಾಯವಾಣಿ 1056. ಥೆರಪಿಸ್ಟ್ ಸಿಕ್ಕರೆ ನಾಲ್ಕು ಪ್ರಶ್ನೆ ಸಂಕೋಚ ಇಲ್ಲದೆ ಕೇಳಿ. ಈಟಿಂಗ್ ಡಿಸಾರ್ಡರಿಗೆ ಸಿಬಿಟಿ ಕೊಟ್ಟ ಅನುಭವ ಇದೆಯಾ? ಡೈರಿ, ವಾರದ ತೂಕ, ಹೊತ್ತಿನ ಊಟ ಇವುಗಳಿಂದ ಶುರು ಮಾಡುತ್ತೀರಾ? ಒಟ್ಟು ಎಷ್ಟು ಭೇಟಿ? ವಿಡಿಯೊ ಕರೆಯಲ್ಲಿ ಮಾಡಬಹುದಾ? ಕೊನೆಯದು ನಮಗೆ ಮುಖ್ಯ. ಕೋವಿಡ್ ಕಾಲದಿಂದ ವಿಡಿಯೊ ಸಿಬಿಟಿ ರೂಢಿಗೆ ಬಂದಿದೆ, ತಲಪಾಡಿ ದಾಟದೆ ಕನ್ನಡದ ಥೆರಪಿಸ್ಟರನ್ನು ಕಾಣಲು ಸದ್ಯಕ್ಕೆ ಇರುವ ದಾರಿ ಅದೇ. ಡೈರಿಯಲ್ಲಿ ಆಸಕ್ತಿ ಇಲ್ಲ, ಸುಮ್ನೆ ಮಾತಾಡೋಣ ಎನ್ನುವವರು ಒಳ್ಳೆಯವರಿರಬಹುದು. ಅವರು ಕೊಡುವುದು ಈ ಚಿಕಿತ್ಸೆ ಅಲ್ಲ.

ಬದಿಯಡ್ಕದಲ್ಲೋ ಮಂಜೇಶ್ವರದಲ್ಲೋ ಒಂದೇ ಒಂದು ಆರೋಗ್ಯ ಕೇಂದ್ರದಲ್ಲಿ, ಕನ್ನಡ ಮತ್ತು ತುಳು ಬಲ್ಲ ಒಬ್ಬ ನರ್ಸಿಗೆ ತರಬೇತಿ ಕೊಟ್ಟು, ವಾರಕ್ಕೆ ಒಂದು ಮಧ್ಯಾಹ್ನ ಬಿಟ್ಟುಕೊಟ್ಟರೆ ಈ ಕೆಲಸ ಶುರುವಾಗುತ್ತದೆ. ಇಪ್ಪತ್ತು ನಿಮಿಷದ ಲೆಕ್ಕದಲ್ಲಿ ಒಂದು ಮಧ್ಯಾಹ್ನಕ್ಕೆ ಆರೇಳು ಮಂದಿಯನ್ನು ನೋಡಬಹುದು. ನಾಲ್ಕನೇ ವಾರಕ್ಕೆ ಎಷ್ಟು ಮಂದಿಗೆ ಬಿಂಜ್ ಕಮ್ಮಿಯಾಯಿತು ಎಂಬ ಲೆಕ್ಕ ಅವರವರ ಡೈರಿಯಲ್ಲೇ ಇರುತ್ತದೆ. ಅದನ್ನು ನೋಡಿ ಎರಡನೇ ಕೇಂದ್ರ ಬೇಕಾ ಬೇಡವಾ ಎಂದು ತೀರ್ಮಾನಿಸಬಹುದು.